ಮರದ ತುದಿಯಿಂದ ಪದವು ಕಾಯುವ ನೋಣಯ್ಯ

ಕಂಕನಾಡಿಯ ಮಾರುಕಟ್ಟೆಗೆ ತರಕಾರಿ ಹೊತ್ತವರು ಇನ್ನೂ ಗುಡ್ಡ ಇಳಿದಿಲ್ಲ. ನಸುಕಿನಲ್ಲಿ ತಾಳೆಮರದ ಬುಡಕ್ಕೆ ಬಂದ ನೋಣಯ್ಯ ಹೆಗಲ ವಸ್ತ್ರ ಬೈರಾಸನ್ನು ತಲೆಗೆ ಬಿಗಿದು ಸುತ್ತುತ್ತಾರೆ. ಸೊಂಟದ ಹಿಂದೆ ಕತ್ತಿ, ಪಕ್ಕದಲ್ಲಿ ಕಳ್ಳು ಇಳಿಸುವ ಸೋರೆಬುರುಡೆ. ಪಾದಗಳಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು, ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಉದ್ದಕ್ಕೆ ಒಂದು ಕೂಗು ಹಾಕುತ್ತಾರೆ. "ಓ..."

ಕೆಳಗಿನ ಮನೆಗಳ ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಳ್ಳುತ್ತಿರುವ ಹೆಂಗಸರು ಸೀರೆ ಸರಿಮಾಡಿಕೊಂಡು ಮರೆಗೆ ಸರಿಯುತ್ತಾರೆ. ಮರ ಹತ್ತಿದವನಿಗೆ ಊರಿನ ಎಲ್ಲ ಹಿತ್ತಿಲೂ ಕಾಣುತ್ತದೆ. ಹಾಗಾಗಿ ಹತ್ತುವ ಮೊದಲು ಕೂಗಿ ತಿಳಿಸುವುದು ಕಳ್ಳು ಇಳಿಸುವವರು ಅಪ್ಪ ಅಜ್ಜನ ಕಾಲದಿಂದ ನಡೆಸಿಕೊಂಡು ಬಂದ ಮರ್ಯಾದೆ. ಕೂಗಿದ ಮೇಲೆ ಒಂದು ಎಲೆ ವೀಳ್ಯ ಮಡಚಿ ಬಾಯಿಗೆ ಹಾಕುವಷ್ಟು ಹೊತ್ತು ಕಾದು, ಆಮೇಲೆ ನೋಣಯ್ಯ ಹತ್ತುತ್ತಾರೆ.

ತುದಿ ಮುಟ್ಟಿದ ಮೇಲೆ ಬೇರೆಯವರಾದರೆ ಮೊದಲು ಮಡಕೆಗೆ ಕೈಹಾಕುತ್ತಾರೆ. ನೋಣಯ್ಯ ಹಾಗಲ್ಲ. ಗರಿಯ ಬುಡಕ್ಕೆ ಮೊಣಕಾಲು ಊರಿ, ಬೆನ್ನು ತಿರುಗಿಸಿ, ಮೊದಲು ಪದವು ನೋಡುತ್ತಾರೆ. ಮನೆಗಳ ಪಡುವಣಕ್ಕೆ ಎದ್ದು ನಿಂತ ಚಪ್ಪಟೆ ನೆತ್ತಿಯ ಗುಡ್ಡ ಅದು. ಮರವಿಲ್ಲ, ಬರೀ ಕೆಂಪು ಮುರಕಲ್ಲು ಮತ್ತು ಎದೆಯುದ್ದದ ಮುಳಿಹುಲ್ಲು. ಬೇಸಗೆ ಕಾಲಿಟ್ಟ ಈ ಸುಗ್ಗಿ ತಿಂಗಳಲ್ಲಿ ಹುಲ್ಲು ಒಣಗಿ ನರಿಯ ಬಣ್ಣಕ್ಕೆ ಬಂದಿದೆ. ಅದರಾಚೆ ದೂರದಲ್ಲಿ ಕಡಲಿನ ಗೆರೆ, ತೆಂಕಣಕ್ಕೆ ನೇತ್ರಾವತಿ, ನದಿದಂಡೆಯುದ್ದಕ್ಕೂ ಹಂಚಿನ ಕಾರ್ಖಾನೆಗಳ ಚಿಮಣಿಗಳು.

"ಚಿಮಣಿಯ ಹೊಗೆ ಕಪ್ಪು. ಅಡಿಗೆಯ ಒಲೆಯದ್ದು ನೀಲಿ. ಹುಲ್ಲು ಸುಡುವ ಹೊಗೆ ಬೆಳ್ಳಗೆ ಇರ್ತದೆ, ಅದರ ಬುಡದಲ್ಲಿ ಒಂದು ಹಳದಿ ಉಂಟು" ಎನ್ನುತ್ತಾರೆ ಕೆಳಗಿಳಿದ ಮೇಲೆ. "ನೋಡಿ ನೋಡಿ ಅಭ್ಯಾಸ ಅಷ್ಟೆ. ಅದರಲ್ಲಿ ಎಂತ ದೊಡ್ಡ ವಿದ್ಯೆ ಇಲ್ಲ."

ಇವತ್ತು ಬಿಳಿ ಹೊಗೆ ಇಲ್ಲ. ನೋಣಯ್ಯ ತಿರುಗಿ ಮಡಕೆ ಬಿಚ್ಚುತ್ತಾರೆ, ಹೊಂಬಾಳೆಯ ತುದಿಯನ್ನು ಕಾಗದದಷ್ಟು ತೆಳ್ಳಗೆ ಕೆತ್ತುತ್ತಾರೆ, ಎಲುಬಿನ ತುಂಡಿನಿಂದ ಮೆಲ್ಲಗೆ ತಟ್ಟುತ್ತಾರೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಇನ್ನೊಂದು. ಬೇಸಗೆ ಏರಿದರೆ ಮಧ್ಯಾಹ್ನವೂ. ಹನ್ನೆರಡು ಮರಗಳು. ಇಳಿಸಿದ ಕಳ್ಳು ಅದನ್ನು ಅಳೆದು ಮಾರುವ ಗಡಂಗಿಗೆ ಹೋಗುತ್ತದೆ. ಪದವು ನೋಡುವ ಕೆಲಸವನ್ನು ಯಾರೂ ಹೇಳಿ ಮಾಡಿಸಿದ್ದಲ್ಲ, ಅದಕ್ಕೆ ಯಾರೂ ಏನೂ ಕೊಡುವುದಿಲ್ಲ. ಆರು ವರ್ಷಗಳಿಂದ, ಮರ ಹತ್ತಿದ ಒಂದು ದಿನವೂ ಅದು ತಪ್ಪಿದ್ದಿಲ್ಲ.

ನೋಣಯ್ಯನವರಿಗೆ ಈಗ ಐವತ್ತರ ಮೇಲೆ ಇರಬಹುದು. ಸರಿಯಾದ ಲೆಕ್ಕ ಅವರಲ್ಲಿಲ್ಲ. ಹೆಂಡತಿ ದೇಯಿ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳಾಗಲಿಲ್ಲ. ಪದವಿನ ಮೂಡುಬದಿಯ ಇಳಿಜಾರಿನಲ್ಲಿ ಅವರದೂ ಸೇರಿ ಹತ್ತಾರು ಮನೆಗಳು. ದೇಯಿಯ ಕೈಯಿಂದ ಹಾದುಹೋದ ಹಂಚು ಹಡಗು ಹತ್ತಿ ಯಾವ ಯಾವ ದೇಶದ ಮನೆಗಳ ಮೇಲೋ ಕೂತಿದೆ. ಇಲ್ಲಿ ಮಾತ್ರ ಮಾಡಿಗೆ ಹೊದಿಸುವುದು ಪದವಿನ ಮುಳಿಹುಲ್ಲನ್ನೇ. ಹಿತ್ತಿಲಲ್ಲಿ ನಿಂತಿರುವುದೂ ಹುಲ್ಲು, ತಲೆಯ ಮೇಲಿರುವುದೂ ಹುಲ್ಲು. ಮಳೆಗಾಲಕ್ಕೆ ಅದರಷ್ಟು ಬೆಚ್ಚಗಿನದು ಬೇರೆ ಇಲ್ಲ. ಸುಗ್ಗಿಯಲ್ಲಿ ಒಂದು ಕಿಡಿ ಸಾಕು.

ಆರು ವರ್ಷದ ಹಿಂದೆ ಆ ಕಿಡಿ ಹಾರಿತು.

ಪದವಿನ ಮೇಲೆ ಯಾರೋ ಗದ್ದೆಗೆ ಗೊಬ್ಬರದ ಸುಡುಮಣ್ಣು ಮಾಡಲು ತರಗೆಲೆ ರಾಶಿಗೆ ಬೆಂಕಿ ಕೊಟ್ಟಿದ್ದರಂತೆ. ಯಾರೆಂದು ಇಂದಿಗೂ ಗೊತ್ತಿಲ್ಲ. ನೋಣಯ್ಯ ವಿಚಾರಿಸಲೂ ಹೋಗಿಲ್ಲ. ಬೆಳಗಿನ ಎರಡನೆಯದೋ ಮೂರನೆಯದೋ ಮರದ ತುದಿಯಲ್ಲಿದ್ದಾಗ ಅವರಿಗೆ ಬೆಳ್ಳನೆಯ ಹೊಗೆ ಕಂಡಿತು. ನೋಡುತ್ತಿದ್ದಂತೆ ಅದು ಹಗ್ಗದ ಹಾಗೆ ಉದ್ದವಾಯಿತು. ಜೀವ ಬಿಟ್ಟು ಕೂಗಿದರು.

"ನಾನು ಕೂಗಿದ್ದಕ್ಕೆ ಕೆಳಗೆ ಎಂತ ಆಯಿತು ಗೊತ್ತುಂಟಾ? ಹೆಂಗಸರೆಲ್ಲ ಸೆರಗು ಎಳೆದುಕೊಂಡು ಮರೆಗೆ ಹೋದರು" ಎಂದು ನೋಣಯ್ಯ ಈಗ ನಗುತ್ತಾರೆ.

ಪಕ್ಕದ ಮನೆಯ ಹೇಮಾಕ್ಷಿ ಆಗ ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದರು. "ನೋಣಯ್ಯಣ್ಣ ಮರ ಹತ್ತಿದ್ರು ಅಂತ ಗ್ರಹಿಸಿದೆ. ಇವತ್ತು ಎಂತಕ್ಕೆ ಇಷ್ಟು ಸಲ ಕೂಗ್ತಾರೆ ಮಾರಾಯ್ರೆ, ಗಂಟಲು ಹರಿಯುವುದಿಲ್ವಾ ಅಂತ ಅಂದುಕೊಂಡೆ. ಹೊಗೆ ನಮಗೆ ಕಾಣ್ತಾ ಇರಲಿಲ್ಲ. ಬೆಳಗ್ಗಿನ ಗಾಳಿ ಅದನ್ನು ಕಡಲಿನ ಕಡೆಗೆ ತಳ್ತಾ ಇತ್ತು."

ಕೂಗಿ ಪ್ರಯೋಜನವಿಲ್ಲ ಎಂದು ತಿಳಿದಾಗ ನೋಣಯ್ಯ ಕಾಂಡಕ್ಕೆ ಎದೆ ಉಜ್ಜಿಕೊಂಡೇ ಇಳಿದರು. ಮನೆಯಿಂದ ಮನೆಗೆ ಓಡಿದರು. ದನಗಳ ಹಗ್ಗವನ್ನು ಬಿಚ್ಚುತ್ತ ಕೂರಬೇಡಿ, ಕತ್ತಿಯಿಂದ ಕಡಿದುಬಿಡಿ ಎಂದರು. ಮಕ್ಕಳನ್ನೂ ಮುದುಕರನ್ನೂ ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಗೆ ಇಳಿಸಲು ಹೇಳಿದರು. ಅಲ್ಲಿ ಹುಲ್ಲಿನ ಎಸಳೂ ಇರಲಿಲ್ಲ. ತಳದಲ್ಲಿ ಹಿಂದಿನ ಮಳೆಯ ನೀರು ಒಂದಿಷ್ಟು ಉಳಿದಿತ್ತು. ಬೈರಾಸು, ಸೆರಗು ಅದರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡರು. ಗಂಡಸರು ಹಸಿ ಸೊಪ್ಪಿನ ಗೆಲ್ಲು ಮುರಿದುಕೊಂಡು ಪದವು ಹತ್ತಿದರು. ನೋಣಯ್ಯನ ಜೊತೆಗೆ ಜಯ ಇದ್ದರು. ಅವರೂ ಕಳ್ಳು ಇಳಿಸುವವರೇ; ಗಡಂಗಿನಲ್ಲಿ ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಆ ದಿನ ಪಕ್ಕಪಕ್ಕ ನಿಂತು ಬೆಂಕಿಗೆ ಬಡಿದರು.

ಬೆಂಕಿ ಪಡುವಣಕ್ಕೆ, ಮನೆಗಳಿಂದ ದೂರಕ್ಕೆ ಹೋಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ಗಾಳಿಯೂ ಬಿದ್ದಿತು. ಇನ್ನೇನು ಮುಗಿಯಿತು ಎಂದು ಕೋರೆಯಲ್ಲಿದ್ದವರು ಒಬ್ಬೊಬ್ಬರೇ ಮೇಲೆದ್ದರು. ಗಂಜಿಗೆ ಅಕ್ಕಿ ಹಾಕಬೇಕಿತ್ತು, ಕರು ಹುಡುಕಬೇಕಿತ್ತು. ಎಲ್ಲರ ಮನೆಗಿಂತ ಮೇಲೆ, ಹುಲ್ಲಿಗೆ ತಾಗಿದಂತೆ ಇದ್ದದ್ದು ಬರ್ನಡೆಟ್ ಬಾಯಿಯ ಗುಡಿಸಲು. ಅರವತ್ತು ದಾಟಿದ ಒಂಟಿ ಕ್ರೈಸ್ತ ವಿಧವೆ; ಗೌರವಕ್ಕೆ ಎಲ್ಲರೂ 'ಬಾಯಿ' ಎನ್ನುತ್ತಾರೆ. ಆಡು, ಕೋಳಿ ಸಾಕಿ ಬದುಕುವವರು. ಕಾವಿಗೆ ಕೂತ ಹೇಂಟೆಯೊಂದನ್ನು ಬಿಟ್ಟು ಬಂದದ್ದು ಅವರ ಜೀವವನ್ನು ಒಂದೇ ಸಮನೆ ಕುಟುಕುತ್ತಿತ್ತು. ಯಾರಿಗೂ ಹೇಳದೆ ಎದ್ದು ಹೋದರು.

ಮೇಲಿನಿಂದ ನೋಣಯ್ಯ ಅದನ್ನು ಕಂಡರು. ಅದೇ ಗಳಿಗೆಯಲ್ಲಿ ಬೆವರಿದ ಎದೆಗೆ ತಣ್ಣನೆಯ ಗಾಳಿ ತಾಗಿತು. ಬೇಸಗೆಯಲ್ಲಿ ದಿನವೂ ಮಧ್ಯಾಹ್ನದ ಮುಂಚೆ ಕಡಲಿನಿಂದ ಬರುವ ಗಾಳಿ. ಬೇರೆ ದಿನವಾದರೆ ಅದಕ್ಕಾಗಿ ಕಾಯುತ್ತಿದ್ದರು.

"ತಾಗಿದ್ದೇ ಗೊತ್ತಾಯಿತು, ಇನ್ನು ಬೆಂಕಿ ಮನೆಗಳ ಕಡೆಗೆ ತಿರುಗ್ತದೆ ಅಂತ. ಜಯನಿಗೆ ಹೇಳಿದೆ, ಕೆಳಗೆ ಓಡು, ಎಲ್ಲರನ್ನು ವಾಪಸ್ ಕೋರೆಗೆ ತುಂಬಿಸು. ನಾನು ಬಾಯಿಯ ಹತ್ತಿರ ಹೋದೆ."

ಗುಡಿಸಲಿಗೆ ಅವರು ಮುಟ್ಟುವಾಗ ಸತ್ತಂತಿದ್ದ ಬೆಂಕಿ ಮಗ್ಗುಲು ಹೊರಳಿತ್ತು. ಕೋರೆಗೆ ಹೋಗುವ ದಾರಿಯ ಎರಡೂ ಬದಿ ಹುಲ್ಲು ಹತ್ತಿಕೊಂಡಿತು. ಬರ್ನಡೆಟ್ ಬಾಯಿ ಹೇಂಟೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಓಡಲು ಒಂದೇ ಕಡೆ ಉಳಿದಿತ್ತು: ಬೆಂಕಿಯ ಕಡೆಗೇ. ಆಡುಗಳು ಮೇದು ಮೇದು ಹುಲ್ಲು ತೆಳ್ಳಗಾಗಿದ್ದ ಒಂದು ಪಟ್ಟಿಯಲ್ಲಿ ಉರಿ ಮೊಣಕಾಲಿನಷ್ಟೇ ಎತ್ತರವಿತ್ತು. ಅದನ್ನು ದಾಟಿದರೆ ಆಚೆಗೆ ಸುಟ್ಟು ಮುಗಿದ ಕರಿನೆಲ. ಸುಟ್ಟದ್ದು ಮತ್ತೆ ಸುಡುವುದಿಲ್ಲ. ನೋಣಯ್ಯ ಗೋಣಿಯೊಂದನ್ನು ನೀರಿನ ಹಂಡೆಗೆ ಅದ್ದಿ ಬಾಯಿಯ ತಲೆಗೆ ಹೊದಿಸಿದರು. ಉಳಿದ ನೀರನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಬೆನ್ನು ಬಗ್ಗಿಸಿ, ಹತ್ತಿಕೊಳ್ಳಿ ಎಂದರು.

ಉರಿ ದಾಟಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಕಷ್ಟವಾದದ್ದು ಆಮೇಲೆ. ಕರಿನೆಲ ಮೇಲಿಂದ ಆರಿದಂತೆ ಕಂಡರೂ ಹುಲ್ಲಿನ ಬುಡಗಳೆಲ್ಲ ಕೆಂಡವಾಗಿದ್ದವು.

"ನಾನು ಹೇಳಿದೆ, ಇಳಿಸು ನೋಣಯ್ಯ, ನಾನು ನಡೀತೇನೆ" ಎಂದು ನೆನೆಯುತ್ತಾರೆ ಬರ್ನಡೆಟ್ ಬಾಯಿ. "ಆಗ ಇವ ಎಂತ ಹೇಳಿದ ಗೊತ್ತುಂಟಾ? ಸುಮ್ಮನೆ ಕೂತುಕೊಳ್ಳಿ ಬಾಯಿ, ನಿಮ್ಮ ಕಾಲಿಗೆ ಚಪ್ಪಲಿ ಇಲ್ಲ ಅಂದ. ನಿನ್ನ ಕಾಲಿಗೆ ಉಂಟಾ ಅಂತ ಕೇಳಿದೆ. ಅವ ನಡೀತಾನೇ ಇದ್ದ. ಬೆನ್ನ ಮೇಲೆ ಕೂತು ನನಗೆ ಅವನ ಪಾದ ಸುಡುವ ವಾಸನೆ ಬರ್ತಾ ಇತ್ತು. ಅದನ್ನು ನಾನು ಯಾರ ಹತ್ತಿರವೂ ಹೇಳಿದ್ದಿಲ್ಲ."

ಬರೀ ಬಂಡೆಯಾಗಿದ್ದ ಒಂದು ಜಾಗ ಸಿಕ್ಕಿದಾಗ ನೋಣಯ್ಯ ಅವರನ್ನು ಇಳಿಸಿದರು. ಅಷ್ಟೆ. ಮತ್ತೆ ಏಳಲಿಲ್ಲ.

ಉರಿ ತಗ್ಗಿದ ಮೇಲೆ ಜಯ ಮತ್ತು ಇನ್ನೂ ಕೆಲವರು ಬಂದು, ಕಂಬಳಿಯ ನಾಲ್ಕು ಮೂಲೆ ಹಿಡಿದು ನೋಣಯ್ಯನನ್ನು ಹೊತ್ತು ಕಂಕನಾಡಿಯ ಆಸ್ಪತ್ರೆಗೆ ಸಾಗಿಸಿದರು. ದೇಯಿ ಕಾರ್ಖಾನೆಯಿಂದ ನೇರ ಅಲ್ಲಿಗೇ ಓಡಿಬಂದರು. ದಾದಿ ಸುಟ್ಟ ಚರ್ಮ ಬಿಡಿಸುವಾಗ ಗಂಡ ಹಲ್ಲು ಕಚ್ಚಿ ಮಲಗಿದ್ದನ್ನು ನೋಡುತ್ತ ನಿಂತರು. ಆಗಲೇ ಯಾರೋ ಬಂದು ಹೇಳಿದರು: ಐದು ಮನೆ ಹೋಯಿತು, ಹೇಮಾಕ್ಷಿಯ ಮಗಳು ಅಮ್ಮಣಿ ಸಿಕ್ಕಲಿಲ್ಲ.

ಐದು ವರ್ಷದ ಮಗು. ಬೆಳಿಗ್ಗೆ ಗಡಿಬಿಡಿಯಲ್ಲಿ ಅಂಗಳದಲ್ಲಿ ನಿಂತದ್ದನ್ನು ಕಂಡವರುಂಟು, ಕೋರೆಯಲ್ಲಿ ಕಂಡವರಿಲ್ಲ; ಬೇರೆಯವರ ಜೊತೆ ಇರಬೇಕೆಂದು ಎಲ್ಲರೂ ಎಣಿಸಿದ್ದರು. ಹೇಮಾಕ್ಷಿ ತನ್ನ ಮನೆ ಇದ್ದ ಜಾಗದಲ್ಲಿ ಕೂತು ಕೋಲಿನಿಂದ ಬೂದಿ ಕೆದಕುತ್ತಿದ್ದರು. ಯಾರು ಕರೆದರೂ ಏಳುತ್ತಿರಲಿಲ್ಲ.

"ಇವರು ಕಣ್ಣು ಬಿಟ್ಟು ನನ್ನನ್ನು ನೋಡಿದರು" ಎನ್ನುತ್ತಾರೆ ದೇಯಿ. "ನನ್ನ ಹತ್ತಿರ ಕೂತು ನೀನು ಎಂತ ಮಾಡ್ತಿ, ಹೋಗು, ಆ ಮಗುವನ್ನು ನೋಡು ಅಂದರು. ನನಗೆ ಸಿಟ್ಟು ಬಂತು. ಇವರ ಕಾಲು ನೋಡಿಕೊಂಡು ನಾನು ಹೇಗೆ ಹೋಗಲಿ? ಆದರೂ ಹೋದೆ."

ಪದವಿನ ಕಡೆ ಹುಡುಕಲು ಬೇಕಾದಷ್ಟು ಜನ ಇದ್ದರು. ದೇಯಿ ರಸ್ತೆಯ ಕಡೆ ಹೋದರು. ಸಿಕ್ಕಿದವರನ್ನೆಲ್ಲ ಕೇಳಿದರು. ಕಂಕನಾಡಿಯಲ್ಲಿ ಬಸಳೆ ಮಾರುತ್ತಿದ್ದ ಹೆಂಗಸೊಬ್ಬರು, ಬೆಳಿಗ್ಗೆ ಸೌದೆಗಾಡಿಯೊಂದರಲ್ಲಿ ಮಗುವೊಂದು ಅಳುತ್ತ ಹೋಯಿತು ಎಂದರು. ಗಾಡಿ ಇಳಿಜಾರಿನ ರಸ್ತೆ ಹಿಡಿದದ್ದನ್ನು ಇನ್ನೊಬ್ಬರು ಕಂಡಿದ್ದರು. ಹೇಮಾಕ್ಷಿಯ ತವರು ಇರುವುದು ಬೋಳಾರದಲ್ಲಿ, ಅಣ್ಣನಿಗೆ ಎತ್ತಿನ ಗಾಡಿ ಉಂಟು ಎಂಬುದು ದೇಯಿಗೆ ಆಗ ಹೊಳೆಯಿತು. ಬಿಸಿಲಲ್ಲಿ ಬೋಳಾರದವರೆಗೂ ನಡೆದರು.

ಮಗು ಜಗಲಿಯಲ್ಲಿ ಕೂತು ಬೆಲ್ಲ ಅವಲಕ್ಕಿ ತಿನ್ನುತ್ತಿತ್ತು. ಸೌದೆ ಹಾಕಲು ಬಂದಿದ್ದ ಸೋದರಮಾವ ಹೊಗೆ ಕಂಡು, ತಂಗಿಯನ್ನು ಕೂಗಿ, ಅವಳು ಸಿಗದಿದ್ದಾಗ ಮಗುವನ್ನು ಗಾಡಿಗೆ ಹಾಕಿಕೊಂಡು ಬಂದುಬಿಟ್ಟಿದ್ದ. ಒಳ್ಳೆಯದನ್ನೇ ಮಾಡಿದ್ದ. ಹೇಳಿಬರುವುದು ಮಾತ್ರ ಆಗಿರಲಿಲ್ಲ.

ದೇಯಿ ಅಮ್ಮಣಿಯನ್ನು ಸೊಂಟದಲ್ಲಿಟ್ಟುಕೊಂಡು ಪದವಿನ ಬುಡಕ್ಕೆ ಬಂದಾಗ ಸಂಜೆಯಾಗಿತ್ತು. ಹೇಮಾಕ್ಷಿ ಇನ್ನೂ ಬೂದಿಯಲ್ಲೇ ಇದ್ದರು. ಮಗು "ಅಮ್ಮಾ, ಮುಖ ಎಲ್ಲ ಮಸಿ" ಎಂದಿತು. ಹೇಮಾಕ್ಷಿ ಕೋಲು ಕೆಳಗಿಟ್ಟರು. ಮಗುವನ್ನು ಎತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ. ಅದರ ಪುಟ್ಟ ಪಾದಗಳನ್ನು ಒಂದಾದ ಮೇಲೊಂದು ಮಡಿಲಿಗೆ ತೆಗೆದುಕೊಂಡು ಅಡಿ ನೋಡಿದರು. ದೇಯಿ ಅಲ್ಲಿಂದ ಮತ್ತೆ ಆಸ್ಪತ್ರೆಗೆ ನಡೆದರು.

ಮನೆ ಹೋದವರಿಗೆ ಹಂಚಿನ ಕಾರ್ಖಾನೆಯೊಂದು ಹಂಚು ಒಣಗಿಸುವ ಚಪ್ಪರದ ಒಂದು ಬದಿ ಬಿಟ್ಟುಕೊಟ್ಟಿತು. ಜಾಗದ ಒಡೆಯರಾದ ಸುಂದರ ಶೆಟ್ಟರು ಅಕ್ಕಿ, ಬಿದಿರು ಕಳಿಸಿದರು. ಬೂದಿ ಬಿದ್ದ ಬಾವಿಗಳ ನೀರನ್ನು ಪೂರ್ತಿ ಸೇದಿ ಚೆಲ್ಲುವವರೆಗೆ ಕುಡಿಯುವ ನೀರನ್ನು ದೂರದಿಂದ ಹೊತ್ತರು. ಆರಿತೆಂದು ನಂಬಿ ಹೊಕ್ಕ ಹಿತ್ತಿಲಲ್ಲಿ ನೆಲದಡಿಯ ಬೇರು ಸುಡುತ್ತಲೇ ಇದ್ದು, ಒಂದು ಎಮ್ಮೆಯ ಕಾಲು ಕುಸಿದು ಬೆಂದಿತು. ಆಮೇಲೆ ಮಳೆ ಬರುವವರೆಗೆ ಮಕ್ಕಳನ್ನು ಆ ಕಡೆ ಬಿಡಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೂ ನೋಣಯ್ಯ ಮಳೆಗಾಲ ಮುಗಿಯುವವರೆಗೆ ನೆಲಕ್ಕೆ ಪಾದ ಊರಲಿಲ್ಲ. ಹಗಲು ದೇಯಿ ಕೆಲಸಕ್ಕೆ ಹೋಗಲೇಬೇಕಿತ್ತು. ಬರ್ನಡೆಟ್ ಬಾಯಿ ಬಂದು ಕೂರುತ್ತಿದ್ದರು. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಹಳೆ ಸೀರೆಯ ತುಂಡುಗಳಿಂದ ಪಾದ ಕಟ್ಟುತ್ತಿದ್ದರು, ಗಂಜಿ ಕೊಡುತ್ತಿದ್ದರು, ಕೊಂಕಣಿಯಲ್ಲಿ ಪ್ರಾರ್ಥಿಸಿ ತುಳುವಿನಲ್ಲಿ ಬೈಯುತ್ತಿದ್ದರು. ಬೇರೆ ಜಾತಿಯ ಹೆಂಗಸು ಕಾಲು ಮುಟ್ಟುವುದೆಂದರೆ ಮೊದಮೊದಲು ನೋಣಯ್ಯನಿಗೆ ನಾಚಿಕೆ, ಕಾಲು ಎಳೆದುಕೊಳ್ಳುತ್ತಿದ್ದರು. "ನನ್ನನ್ನು ಹೊರುವಾಗ ನಾಚಿಕೆ ಆಗಲಿಲ್ಲ, ಈಗ ಎಂತದು ನಿನ್ನದು" ಎಂದು ಬಾಯಿ ಗದರಿಸಿದ ಮೇಲೆ ಕಾಲು ಚಾಚಿದರು.

ಕೆತ್ತದೆ ಬಿಟ್ಟರೆ ಹೊಂಬಾಳೆ ಒಣಗುತ್ತದೆ, ಮರ ಕೈಬಿಟ್ಟು ಹೋಗುತ್ತದೆ. ಆ ಹನ್ನೆರಡು ಮರಗಳನ್ನು ಹತ್ತಿದವರು ಜಯ. ತಮ್ಮ ಸುತ್ತು ಮುಗಿಸಿ ಇವರ ಸುತ್ತು. ಗಡಂಗಿನಲ್ಲಿ ಅದನ್ನು ನೋಣಯ್ಯನ ಹೆಸರಿಗೇ ಅಳೆಸುತ್ತಿದ್ದರು. ಯಾಕೆ ಎಂದು ಕೇಳಿದರೆ ಜಯನವರ ಉತ್ತರ ಚಿಕ್ಕದು. "ಮರಕ್ಕೆ ಎಂತ ಗೊತ್ತುಂಟು ನಮ್ಮ ಜಗಳ?"

ದೀಪಾವಳಿಯ ಹೊತ್ತಿಗೆ ನೋಣಯ್ಯ ಮತ್ತೆ ತಳೆ ಸಿಕ್ಕಿಸಿಕೊಂಡರು. ಅಂಗಾಲಿನ ಹೊಸ ಚರ್ಮ ಬಿಗಿದು, ನುಣುಪಾಗಿ, ಮರವನ್ನು ಹಿಡಿಯುತ್ತಲೇ ಇರಲಿಲ್ಲ. ಆಳೆತ್ತರಕ್ಕೆ ಹತ್ತಿ ಜಾರಿದರು. ಮರುದಿನ ಇನ್ನೊಂದು ಆಳು. ಹೀಗೇ ತುದಿ ಮುಟ್ಟಲು ಒಂದು ತಿಂಗಳು ಬೇಕಾಯಿತು. ಮುಟ್ಟಿದ ದಿನ ಪದವು ಹಸಿರಾಗಿತ್ತು. ಬಹಳ ಹೊತ್ತು ಇಳಿಯಲಿಲ್ಲವಂತೆ. ಮೇಲೆ ಎಂತ ಮಾಡುತ್ತಿದ್ದಿರಿ ಎಂದರೆ, "ಗಾಳಿ ಚಂದ ಇತ್ತು" ಎಂದಷ್ಟೇ ಹೇಳುತ್ತಾರೆ.

ಕೂಗಿನ ಗೊಂದಲಕ್ಕೆ ದಾರಿ ಹುಡುಕಿದವರು ಹೇಮಾಕ್ಷಿ. ಬೆಂಕಿ ಕಂಡರೆ ಬರೀ "ಓ" ಎನ್ನುವುದು ಬೇಡ, ಮನೆಮನೆಯ ಹೆಸರು ಹಿಡಿದು ಕರೆಯಿರಿ ಎಂದರು. ತನ್ನ ಹೆಸರು ಕೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಕೋರೆಗೆ ಇಳಿದ ಮೇಲೆ ಅದೇ ಹೆಸರುಗಳನ್ನು ಅದೇ ಸಾಲಿನಲ್ಲಿ ಕರೆಯುವ ಕೆಲಸ ಹೇಮಾಕ್ಷಿಯದು. ಪ್ರತಿ ಮನೆಯವರೂ ತಮ್ಮವರ ತಲೆ ನೋಡಿಕೊಂಡು ಉತ್ತರ ಕೊಡಬೇಕು. ಬೇರೆ ಕಡೆ ಹೋಗುವವರು ಒಬ್ಬರಿಗಾದರೂ ಹೇಳಿ ಹೋಗಬೇಕು. ಶಿವರಾತ್ರಿ ಕಳೆದದ್ದೇ ನೋಣಯ್ಯ, ದೇಯಿ ಕತ್ತಿ ಹಿಡಿದು ಹೊರಡುತ್ತಾರೆ, ಉಳಿದವರು ಹಿಂದೆ. ಪ್ರತಿ ಮನೆಯ ಸುತ್ತಲೂ ಹುಲ್ಲು ಕೆತ್ತಿ, ಕೆಂಪು ಮಣ್ಣು ಕಾಣುವಂತೆ ಅಗಲದ ಪಟ್ಟಿ ಬಿಡುತ್ತಾರೆ. ಬರ್ನಡೆಟ್ ಬಾಯಿಯ ಗುಡಿಸಲನ್ನು ಮೇಲಿನಿಂದ ತಂದು ತಮ್ಮ ಮನೆಯ ಮಗ್ಗುಲಲ್ಲೇ ಕಟ್ಟಿದ್ದಾರೆ.

ಹೋದ ವರ್ಷದ ಹಿಂದಿನ ವರ್ಷ ಪದವಿಗೆ ಮತ್ತೆ ಬೆಂಕಿ ಬಿತ್ತು. ನೋಣಯ್ಯ ಮರದಿಂದ ಹೆಸರು ಕರೆದರು. ಕೋರೆಯಲ್ಲಿ ಹೇಮಾಕ್ಷಿ ಕರೆದರು. ಎಲ್ಲ ಮನೆಯಿಂದಲೂ ಉತ್ತರ ಬಂತು. ಸಂಜೆ ಬೆಂಕಿ, ಹುಲ್ಲು ಕೆತ್ತಿದ ಪಟ್ಟಿಯವರೆಗೆ ಬಂದು ನಿಂತಿತು. ಒಂದು ಕೊಟ್ಟಿಗೆ ಬಿಟ್ಟು ಬೇರೇನೂ ಹೋಗಲಿಲ್ಲ. ಯಾವ ಪತ್ರಿಕೆಯಲ್ಲೂ ಅದರ ಸುದ್ದಿ ಇರಲಿಲ್ಲ. ಬರೆಯುವಂಥದ್ದು ಏನೂ ಆಗದಿದ್ದರೆ ಸುದ್ದಿಯಾಗುವುದಾದರೂ ಹೇಗೆ?

ಬೆಳಗಿನ ಸುತ್ತು ಮುಗಿಸಿ ನೋಣಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾರೆ. ಚಳಿಗಾಲದಲ್ಲಿ ಅಂಗಾಲು ಬಿರಿಯುತ್ತದೆ, ಈಗ ಪರವಾಗಿಲ್ಲ. ಇನ್ನು ಎಷ್ಟು ವರ್ಷ ಹತ್ತಬಹುದೋ ಅವರಿಗೂ ತಿಳಿಯದು. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊದಲು ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ಪಕ್ಕದ ಗುಡಿಸಲ ಮಾಡಿನ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ.

"ಬಾಯಿಯ ಮನೆಗೆ ಹಂಚು ಹಾಕಬೇಕು ಅಂತ ಉಂಟು. ನಮ್ಮದಕ್ಕೆ ಹುಲ್ಲು ಸಾಕು. ಮೂಲೆ ಒಡೆದ ಹಂಚನ್ನು ಕಾರ್ಖಾನೆಯಲ್ಲಿ ಬಿಸಾಡ್ತಾರಲ್ಲ, ಮೇಸ್ತ್ರಿಯನ್ನು ಕೇಳಿ ದೇಯಿ ಒಂದೊಂದೇ ತರ್ತಾಳೆ. ಅಡಿಗೆಕೋಣೆಯ ಮೇಲೆ ಆಯಿತು. ಇನ್ನು ಮಲಗುವ ಬದಿ ಬಾಕಿ. ಹಂಚಿನ ಮೇಲೆ ಕಿಡಿ ಬಿದ್ದರೆ ಅಲ್ಲೇ ತಣ್ಣಗಾಗ್ತದೆ."

ದನಿ ತಗ್ಗಿಸಿ ಹೇಳುತ್ತಾರೆ. "ಇನ್ನೊಮ್ಮೆ ಹೊತ್ತುಕೊಂಡು ಓಡಲಿಕ್ಕೆ ನನ್ನಿಂದ ಕೂಡುವುದಿಲ್ಲ. ಅವರಿಗೂ ಸ್ವಲ್ಪ ತೂಕ ಬಂದಿದೆ."

ಪಕ್ಕದ ಗುಡಿಸಲಿನ ಒಳಗಿನಿಂದ ಬರ್ನಡೆಟ್ ಬಾಯಿಯ ದನಿ ಬರುತ್ತದೆ. "ನನಗೆ ಕೇಳ್ತದೆ ನೋಣಯ್ಯ."

"ಕೇಳ್ಲಿ ಬಾಯಿ" ಎನ್ನುತ್ತಾರೆ ನೋಣಯ್ಯ. "ಗಂಜಿ ಆಯಿತಾ?"